ಕೈ ಕುಲುಕದ ಗ್ರಹ

ಇಲ್ಲ, ಆಗ ಮಳೆ ಇರಲಿಲ್ಲವೇನೋ. ಫೌಂಡ್ರಿಯ ಮೇಸ್ತ್ರಿ ನನ್ನ ಕತೆಯನ್ನು ಹುಣಸೆ ಮರದ ಕೆಳಗೆ ಕೂತು ಓದುತ್ತಿದ್ದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮಳೆಗಾಲದಲ್ಲಿ ಉದ್ಯಮಬಾಗದಲ್ಲಿ ಯಾರೂ ಮರದ ಕೆಳಗೆ ಕೂತು ಬುತ್ತಿ ಬಿಚ್ಚುವುದಿಲ್ಲ. ಹಾಗಾದರೆ ಅದು ಬೇಸಿಗೆ. ಬೇಸಿಗೆಯಾದರೆ ಕತೆ ಮೊದಲು, ಮರಳಿನ ನೀರು ಅಳೆಯುವ ಮೀಟರು ಆಮೇಲೆ. ಕತೆ ಮೊದಲು ಎಂದಾದರೆ, ಒಬ್ಬ ಮನುಷ್ಯ ಇಪ್ಪತ್ತು ವರ್ಷ ನಿಂತ ಜಾಗ ಬಿಟ್ಟು ಹೋಗಬೇಕಾದುದರಲ್ಲಿ ನನ್ನದೂ ಪಾಲಿದೆ. ಮೀಟರು ಮೊದಲು ಎಂದಾದರೆ ನಾನು ಕಂಡದ್ದಕ್ಕೆ ಬಣ್ಣ ಹಚ್ಚಿ ಬರೆದವನು, ಅಷ್ಟೆ. ಈ ಎರಡರ ನಡುವೆ ನಾನು ಎಷ್ಟೋ ವರ್ಷ ಓಡಾಡಿದ್ದೇನೆ. ಮರ ಹುಣಸೆಯದೇ ಆಗಿತ್ತೇ ಎಂಬುದೂ ಈಗ ಖಾತ್ರಿ ಇಲ್ಲ.

ಖಾತ್ರಿ ಇರುವುದನ್ನು ಮೊದಲು ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪಿನ ಕವಚಗಳಿಗೆ ಎರಕ ಹೊಯ್ಯುವ ಒಂದು ಫೌಂಡ್ರಿ. ಅಲ್ಲಿ ನಾನು ಡ್ರಾಯಿಂಗ್ ಕೋಣೆಯಲ್ಲಿ ಕೆಲಸಕ್ಕಿದ್ದೆ. ಕೋಣೆಯ ಕಿಟಕಿಯಿಂದ ಅಚ್ಚು ಮಾಡುವ ಶೆಡ್ಡು ಕಾಣುತ್ತಿತ್ತು. ಅಚ್ಚು ಮಾಡುವುದು ಮರಳಿನಲ್ಲಿ. ಮರಳಿಗೆ ಜೇಡಿ, ಕಲ್ಲಿದ್ದಲ ಪುಡಿ, ನೀರು ಬೆರೆಸುತ್ತಾರೆ. ನೀರು ಹೆಚ್ಚಾದರೆ ಕರಗಿದ ಕಬ್ಬಿಣ ಬಿದ್ದೊಡನೆ ಉಗಿ ಎದ್ದು ಎರಕದೊಳಗೆ ತೂತುಗಳು ಬೀಳುತ್ತವೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಕಬ್ಬಿಣಕ್ಕೆ ಸೇರುತ್ತದೆ. ಎಷ್ಟು ನೀರು ಸರಿ ಎಂದು ಹೇಳುವವರು ಇಡೀ ಶೆಡ್ಡಿಗೆ ಒಬ್ಬರೇ.

ಅವರು ಖಾನಾಪುರದಾಚೆಯ ಗುಂಜಿ ಊರಿನವರು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗುವವರು. ಮನೆಯಲ್ಲಿ ಮರಾಠಿ, ಶೆಡ್ಡಿನಲ್ಲಿ ಕನ್ನಡ, ಬೈಗುಳಕ್ಕೆ ಎರಡೂ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನಾನು ಕಾಕಾ ಎನ್ನುತ್ತಿದ್ದೆ. ಬೆಳಿಗ್ಗೆ ಮರಳು ಕಲಸಿದ ಮೇಲೆ ಶೆಡ್ಡಿನ ಮಂದಿ ಕೈಕಟ್ಟಿ ನಿಲ್ಲುತ್ತಿದ್ದರು. ಮೇಸ್ತ್ರಿ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಿಂಡುತ್ತಿದ್ದರು. ಬೆರಳಿನ ಗುರುತು ಮೂಡಿದ ಆ ಉಂಡೆಯನ್ನು ಎರಡೂ ಹೆಬ್ಬೆರಳಿನಿಂದ ಮುರಿದು, ಮುರಿದ ಅಂಚನ್ನು ನೋಡಿ, ಅಂಗೈಗೆ ಎಷ್ಟು ಅಂಟಿದೆ ಎಂದೂ ನೋಡಿ, "ಆತು" ಎನ್ನುತ್ತಿದ್ದರು. ಇಲ್ಲವಾದರೆ "ಇನ್ನೊಂದ ಸಲ ಸಿಂಪಡಿಸ್ರಿ." ಆ "ಆತು" ಬರುವ ತನಕ ಯಾರೂ ಅಚ್ಚಿನ ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಮಾಲಕರು ಬಂದು ನಿಂತರೂ ಅಷ್ಟೆ.

ಇನ್ನು ನನ್ನ ಕತೆಯ ವಿಷಯ. ಕ್ಯಾಂಪಿನಲ್ಲಿ ಒಂದು ರದ್ದಿ ಅಂಗಡಿ ಇತ್ತು. ಬದಲಿಯಾಗಿ ಹೋಗುವ ಮಿಲಿಟರಿ ಮನೆಗಳವರು ಹಾಸಿಗೆ, ಪಿಂಗಾಣಿ ಎಲ್ಲ ಕಟ್ಟಿಕೊಂಡು ಹೋಗಿ, ಇಂಗ್ಲಿಷ್ ಪುಸ್ತಕಗಳನ್ನು ಮಾತ್ರ ರದ್ದಿಗೆ ಬಿಟ್ಟು ಹೋಗುತ್ತಿದ್ದರು. ಹೊದಿಕೆ ಹರಿದವು, ಮೊದಲ ಪುಟಗಳಿಲ್ಲದವು. ಬರೆದವರು ಯಾರೆಂದು ಗೊತ್ತಾಗದೆಯೇ ನಾನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಆಕಾಶದಿಂದ ಇಳಿಯುವವರು, ನೆಲದಡಿಯ ಊರುಗಳು, ಬೆಳಕು ಬಿದ್ದೊಡನೆ ಬೂದಿಯಾಗುವ ಪೇಟೆಗಳು. ಮೊದಮೊದಲು ಇವೆಲ್ಲ ಮುಂದೆ ಬರುವ ಕಾಲದ ಸುದ್ದಿ ಎಂದುಕೊಂಡಿದ್ದೆ. ಏಳೆಂಟು ಪುಸ್ತಕವಾದ ಮೇಲೆ ಅನುಮಾನ ಹತ್ತಿತು. ಇವರು ಮುಂದಿನದನ್ನು ಹೇಳುತ್ತಿಲ್ಲ, ತಮ್ಮ ಮನೆಯ ಮಾಡಿನ ಮೇಲೆ ಬಾಂಬು ಬಿದ್ದೀತೆಂಬ ದಿಗಿಲನ್ನು ನೂರು ವರ್ಷ ಮುಂದೆ ತಳ್ಳಿ ಹೇಳುತ್ತಿದ್ದಾರೆ. ಪಕ್ಕದ ಮನೆಯವನು ತಮ್ಮವನೋ ಅಲ್ಲವೋ ಎಂಬ ಅನುಮಾನಕ್ಕೆ ಹಸಿರು ಮೈ ಕೊಟ್ಟು ಬೇರೆ ಲೋಕದಿಂದ ಇಳಿಸಿದ್ದಾರೆ.

ಇದನ್ನೆಲ್ಲ ಕಂಡುಕೊಂಡ ಜಾಣತನ ನನಗೇ ಬಹಳ ಹಿಡಿಸಿತು. ಆದರೆ ನಾನೇ ಬರೆಯಲು ಕೂತಾಗ ಆ ಜಾಣತನ ಎಲ್ಲಿಗೆ ಹೋಯಿತೋ. ಎರಡು ಚಂದ್ರರಿರುವ ಗ್ರಹ ಕಟ್ಟಿದೆ. ಅಲ್ಲಿಯೂ ಸೀಮೆಎಣ್ಣೆಗೆ ಪಾಳಿ ಹಚ್ಚಬೇಕು. ಅಲ್ಲಿಯೂ ವಾರಕ್ಕೆ ಮೂರು ದಿನ ಕರೆಂಟಿಲ್ಲ. ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಭೋಂಗಾ ಕೂಗುತ್ತದೆ. ಪ್ರತಿ ಊರಿನ ಬಾಗಿಲಲ್ಲಿ ಒಂದು ದನಿ ಕೇಳುತ್ತದೆ: ನಿನ್ನ ಮಾತು ಯಾವುದು? ಒಂದು ಮಾತಿನವರು ಒಳಗೆ, ಇನ್ನೊಂದು ಮಾತಿನವರು ಹೊರಗೆ, ಎರಡೂ ಬರುತ್ತವೆ ಎಂದವರು ಅಲ್ಲೇ ನಿಲ್ಲಬೇಕು. ಬರೆಯುವಾಗ ಇದನ್ನೆಲ್ಲ ನಾನೇ ಹುಟ್ಟಿಸಿದೆ ಎಂದು ಹಿಗ್ಗಿದ್ದೆ. ಬೆಳಗಾವಿಯ ಖಡೇಬಜಾರಿನಲ್ಲಿ ಹೆಜ್ಜೆ ಹಾಕುವ ಯಾರಿಗೆ ಬೇಕಾದರೂ ಗೊತ್ತಿದ್ದ ಸಂಗತಿ ಅದು. ಗೊತ್ತಿಲ್ಲದಿದ್ದವನು ನಾನೊಬ್ಬನೇ.

ಕತೆ ಇಷ್ಟು. ಆ ಗ್ರಹಕ್ಕೆ ಒಂದು ಯಂತ್ರ ಬರುತ್ತದೆ. ಅದಕ್ಕೆ ಮನುಷ್ಯರದಂಥ ಒಂದು ಕೈ. ಕುಂಬಾರ, ನೇಕಾರ, ಕಮ್ಮಾರ ಎಲ್ಲರ ಕೈಯನ್ನೂ ಅದು ಒಮ್ಮೆ ಕುಲುಕುತ್ತದೆ. ಕುಲುಕಿದ ಕೂಡಲೇ ಅವರ ಕೈಗೆ ಗೊತ್ತಿದ್ದುದೆಲ್ಲ ಯಂತ್ರಕ್ಕೆ ಬರುತ್ತದೆ, ಅವರ ಕೈ ಮರೆಯುತ್ತದೆ. ಜನ ಹೆದರಿ ಒಬ್ಬರ ಕೈ ಒಬ್ಬರು ಮುಟ್ಟುವುದನ್ನೇ ಬಿಡುತ್ತಾರೆ, ದೂರದಿಂದ ಮಾತಾಡಿಸಿ ಹೋಗುತ್ತಾರೆ. ಕೊನೆಗೆ ಒಬ್ಬ ಮುದುಕ ಉಳಿಯುತ್ತಾನೆ. ಯಂತ್ರ ಅವನ ಮುಂದೆ ಬಂದು ನಿಂತು ಕೈ ಚಾಚುತ್ತದೆ.

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿದೆ ಎಂದು ನನ್ನ ನೆನಪು.

ನಮ್ಮ ಕಾರ್ಖಾನೆಯಲ್ಲಿ ಒಂದು ಕೈಬರಹದ ಪತ್ರಿಕೆ ಇತ್ತು, ವರ್ಷಕ್ಕೆ ಎರಡೋ ಮೂರೋ. ಒಂದೇ ಪ್ರತಿ. ಅದು ಊಟದ ಡಬ್ಬಿಯ ಚೀಲಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಓದಿದವರು ಕೊನೆಯ ಪುಟದಲ್ಲಿ ಸಹಿ ಮಾಡಿ ಮುಂದಿನವರಿಗೆ ಕೊಡಬೇಕು. ನನ್ನ ಅಕ್ಷರ ಕೋಳಿ ಕೆದರಿದಂತೆ. ಹೀಗಾಗಿ ಅಕ್ಕ ಚೊಕ್ಕ ಪ್ರತಿ ಮಾಡಿಕೊಡುತ್ತಿದ್ದಳು. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅರ್ಧಕ್ಕೆ ಬಿಟ್ಟ ವಾಕ್ಯ, ಅರ್ಧಕ್ಕೆ ಬಿಟ್ಟ ಊಟ, ಎರಡೂ ಅವಳಿಗೆ ಆಗುತ್ತಿರಲಿಲ್ಲ.

ಮೇಸ್ತ್ರಿ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ಬಸ್ಸಿನ ಬೋರ್ಡುಗಳಿಂದ ಕಲಿತವರು. ಬೆರಳಿಟ್ಟು ದಿನಕ್ಕೆ ಒಂದು ಪುಟ ಓದುತ್ತಿದ್ದರು. ಮರದ ಕೆಳಗೆ. ಮರದ ಕೆಳಗೆಯೇ ಇರಬೇಕು. ನಾನು ಹಾದು ಹೋಗುವಾಗ ಕರೆದರು.

"ಸಾಹೇಬ್ರ, ಬರ್ರಿ ಇಲ್ಲೆ. ಈ ಎರಡ ಚಂದ್ರ ಇರೂ ಊರು ಯಾವ ಲೈನಿಗೆ ಬರತೈತಿ? ಲೋಂಡಾದ ಆಚೆಗೋ ಈಚೆಗೋ?"

"ಅದು ಬ್ಯಾರೆ ಗ್ರಹರೀ ಕಾಕಾ."

"ಬ್ಯಾರೆ ಗ್ರಹದಾಗೂ ಎಂಟಕ್ಕ ಭೋಂಗಾನ? ಪಾಪ. ಎಷ್ಟ ದೂರ ಹೋದ್ರೂ ಇದ ಹಣೇಬರಹ." ಬಾಜೂಕ್ಕೆ ಕೂತವರು ನಕ್ಕರು. ಮೇಸ್ತ್ರಿ ನಗಲಿಲ್ಲ. "ಆ ಬಾಗಲದಾಗ ನಿಂದಿರಸ್ತಾರಲ್ಲ, ಎರಡೂ ಮಾತ ಬರತಾವ ಅಂದವ್ರನ್ನ. ಅದು ಖರೇ ಬರದೀರಿ. ಆದ್ರ ಒಂದ ತಪ್ಪೈತಿ. ನಾವು ಎರಡೂ ಬರತಾವ ಅಂತ ಹೇಳಂಗಿಲ್ಲ. ಕೇಳಿದವ್ರ ಮಾರಿ ನೋಡಿ ಒಂದ ಹೇಳತೇವಿ."

ಇನ್ನೊಂದು ದಿನ, ಶೆಡ್ಡಿನೊಳಗೆ, ನಾನು ಯಾವುದೋ ನಕ್ಷೆ ಹಿಡಿದು ಹೋದಾಗ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಅಲ್ಲಿಂದ ಮಾತಾಡ್ರಿ ಸಾಹೇಬ್ರ. ಕೈ ಕೊಡಬ್ಯಾಡ್ರಿ. ಮನಿಗೆ ಹೋಗಿ ರೊಟ್ಟಿ ಮುರದ ತಿನ್ನೂದೂ ಮರತ ಬಿಡತೇವಿ."

ಈ ಚೇಷ್ಟೆ ತಿಂಗಳುಗಟ್ಟಲೆ ನಡೆಯಿತು. ಈಗ ಇದನ್ನು ಸಾಕ್ಷಿ ಎಂದು ಇಡಬಹುದು. ಶೆಡ್ಡಿನವರು ನನ್ನ ಕತೆ ಓದಿ ಕೈ ಕಟ್ಟಿಕೊಂಡರು, ಆಮೇಲೆ ಮೀಟರು ಬಂತು. ಆದರೆ ಇದೇ ದೃಶ್ಯವನ್ನು ತಿರುಗಿಸಿ ಇಟ್ಟರೂ ಕೂಡುತ್ತದೆ. ಮೀಟರು ಹಿಡಿದು ಹೋದ ನನ್ನನ್ನು ನೋಡಿ ಅವರು ಕೈ ಕಟ್ಟಿಕೊಂಡರು, ನಾನು ಅದನ್ನೇ ಮನೆಗೆ ತಂದು ಕತೆ ಮಾಡಿದೆ. ಆಗ ಕೈಯಲ್ಲಿ ಇದ್ದದ್ದು ನಕ್ಷೆಯೋ ಮೀಟರೋ ಎಂದು ಎಷ್ಟು ಕಣ್ಣು ಮುಚ್ಚಿ ನೋಡಿದರೂ ಕಾಣುವುದಿಲ್ಲ. ನನ್ನ ಕೈಯೇ ಕಾಣುವುದಿಲ್ಲ. ಬೆನ್ನ ಹಿಂದೆ ಹೋದ ಅವರ ಕೈಗಳು ಮಾತ್ರ ಕಾಣುತ್ತವೆ. ಬೆನ್ನ ಹಿಂದಿದ್ದದ್ದು ಕಾಣುವುದೂ ಸಾಧ್ಯವಿಲ್ಲ.

ಮೀಟರು ಎಂದರೆ ಥರ್ಮಾಸ್ ಬಾಟಲಿಯಷ್ಟು ದಪ್ಪನೆಯ ಒಂದು ಲೋಹದ ಪಾತ್ರೆ, ಅದರ ತಳಕ್ಕೆ ಗಡಿಯಾರದಂಥ ಮುಖ. ತೂಗಿದ ಮರಳನ್ನೂ ಕಾರ್ಬೈಡ್ ಪುಡಿಯನ್ನೂ ಒಳಗೆ ಹಾಕಿ ಮುಚ್ಚಿ ಕುಲುಕಿದರೆ ಮರಳಿನ ನೀರಿಗೆ ಗ್ಯಾಸು ಎದ್ದು ಮುಳ್ಳು ಏರುತ್ತದೆ. ಎಷ್ಟು ನೀರಿದೆ ಎಂದು ತೋರಿಸುತ್ತದೆ. ಅದು ಬಂದದ್ದು ಮುಂಗಾರು ಹಿಡಿದ ಮೇಲೆ. ಇದು ಖಾತ್ರಿ. ಯಾಕೆ ಖಾತ್ರಿ ಎಂಬುದು ಮುಂದೆ ಬರುತ್ತದೆ.

ಮಾಲಕರು ನನ್ನನ್ನು ಕರೆಸಿದರು. ಜೈನ ಮನೆತನದವರು, ಸಮಾಧಾನದ ಮನುಷ್ಯ. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮಾಡಬೇಕಾದ್ದರಿಂದ ಸಂಜೆ ಐದರ ಮೇಲೆ ಅವರ ಮಾತು ಚುಟುಕಾಗುತ್ತಿತ್ತು. ಅಂದೂ ಐದು ದಾಟಿತ್ತು.

"ನೀವ ಬರದದ್ದ ಓದಿದೆ. ಆ ಕೈ ಓದೂ ಯಂತ್ರ, ಅದು ಸಿಗತೈತ್ರಿ. ತರಿಸೇನಿ. ಮೇಸ್ತ್ರಿ ಬಾಜೂಕ ಕುಂತು ಅವರ ಕೈಯಾಗಿಂದು ಪಟ್ಟಿ ಮಾಡ್ರಿ."

ಹೀಗೆ ಅಂದರು ಎಂದು ಬರೆದು ಓದಿದರೆ ಸರಿ ಅನ್ನಿಸುತ್ತದೆ. ಆದರೆ ಇನ್ನೊಂದು ರೀತಿಯೂ ನೆನಪಿದೆ:

"ನೀವ ಏನೇನೋ ಬರೀತೀರಂತ ಕೇಳೇನಿ. ಬರಿಯೂ ಮನಶ್ಯಾನ ಬೇಕಾಗ್ಯಾನ. ಒಂದು ಮೀಟರ ತರಿಸೇನಿ. ಮೇಸ್ತ್ರಿ ಬಾಜೂಕ ಕುಂತು ಪಟ್ಟಿ ಮಾಡ್ರಿ."

ಎರಡೂ ಅವರದೇ ದನಿಯಲ್ಲಿ ಕೇಳಿಸುತ್ತವೆ. ಎರಡರಲ್ಲೂ ಅವರು ಗಡಿಯಾರ ನೋಡಿಕೊಳ್ಳುತ್ತಾರೆ. ಮೊದಲನೆಯದು ನನ್ನ ಕತೆಗೆ ದೊಡ್ಡಸ್ತಿಕೆ ತರುತ್ತದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ಎರಡನೆಯದು ನನ್ನನ್ನು ಬಿಡಿಸುತ್ತದೆ, ಅದಕ್ಕೇ ಅದರ ಮೇಲೂ ಕಡಿಮೆ.

ಮೇಸ್ತ್ರಿಗೆ ನಾನೇ ಹೋಗಿ ಹೇಳಬೇಕಾಯಿತು. ಅವರು ಮೀಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕಾರ್ಬೈಡ್ ಡಬ್ಬಿ ಮೂಸಿದರು.

"ಮಾವಿನಹಣ್ಣ ಹಣ್ಣಮಾಡೂದಲ್ಲ ಇದು?"

"ಹೌದ್ರಿ, ಅದ."

"ಅಂದ್ರ ನನ್ನೂ ಇದರಾಗ ಇಟ್ಟು ಹಣ್ಣ ಮಾಡತೀರಿ." ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, "ತಮ್ಮಾ, ಒಂದ ಮಾತ ಹೇಳು. ನನ್ನ ಕೈ ನಿನ್ನ ಪುಸ್ತಕದಾಗ ಇಳದ ಮ್ಯಾಲ ನಾ ಇಲ್ಲೆ ಯಾಕ ಬೇಕು?"

ಅವರು ಸಾಹೇಬ್ರ ಎನ್ನುವುದನ್ನು ಬಿಟ್ಟು ತಮ್ಮಾ ಎಂದದ್ದು ಅದೇ ಮೊದಲು. ನಾನು ಏನು ಹೇಳಿದೆ? ಪಟ್ಟಿ ಬರೀ ನೋಡುವುದಕ್ಕೆ, ನೀವಿಲ್ಲದೆ ಶೆಡ್ಡು ನಡೆಯುತ್ತದೆಯೇ ಎಂದು ಏನೋ ಹೇಳಿರಬೇಕು. ಸುಳ್ಳು ಹೇಳುವಾಗಿನ ಮಾತುಗಳು ನೆನಪಿನಲ್ಲಿ ಉಳಿಯುವುದಿಲ್ಲ. ಅವರು ಒಲ್ಲೆ ಎನ್ನಬಹುದಾಗಿತ್ತು. ಅವರು ಒಲ್ಲೆ ಎಂದಿದ್ದರೆ ಶೆಡ್ಡಿನಲ್ಲಿ ಒಬ್ಬರೂ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ, ಮಾಲಕರೂ ಬಲವಂತ ಮಾಡುವವರಲ್ಲ. ಎರಡು ದಿನ ನನ್ನ ಕಡೆ ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ರಾಶಿಯ ಬಾಜೂಕ್ಕೆ ಎರಡು ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂಡಲು ಜಾಗ ಮಾಡಿದ್ದರು.

"ಕುಂದರು. ಪುಸ್ತಕ ತಗಿ."

ಒಂದು ತಿಂಗಳಿಗೂ ಹೆಚ್ಚು ಹಾಗೆ ಕೂತೆವು. ಹೊರಗೆ ಘಟ್ಟದ ಕಡೆಯಿಂದ ಬರುವ ಜಿಟಿಜಿಟಿ ಮಳೆ, ಶೆಡ್ಡಿನ ತಗಡಿನಿಂದ ಒಂದೇ ಸಮನೆ ತೊಟ್ಟಿಕ್ಕುವ ನೀರು. ಅವರು ಹಿಂಡುವರು, ಮುರಿಯುವರು, "ಆತು" ಅಥವಾ "ಹಸಿ" ಅಥವಾ "ಒಣಾ" ಎನ್ನುವರು. ಅದೇ ಮರಳನ್ನು ನಾನು ತೂಗಿ, ಕುಲುಕಿ, ಮುಳ್ಳು ನೋಡಿ ಬರೆಯುವೆ. ಒಮ್ಮೆ ಬೇಕೆಂದೇ, ಅವರು ಆತು ಎಂದ ಮರಳನ್ನು ಸ್ವಲ್ಪ ಹೊತ್ತಿನ ಮೇಲೆ ಹೊಸದೆಂಬಂತೆ ಮತ್ತೆ ಮುಂದಿಟ್ಟೆ.

"ಮುಂಜಾನಿ ನೋಡಿದ್ದ ಇದು. ಪರೀಕ್ಷಾ ನನಗೋ, ಆ ಬಾಟಲಿಗೋ?"

ಪಟ್ಟಿ ಆಯಿತು. ಅವರ ಎಲ್ಲ "ಆತು"ಗಳೂ ಮುಳ್ಳಿನ ಎರಡು ಗೆರೆಗಳ ನಡುವೆ ಬಿದ್ದಿದ್ದವು, ಒಂದೂ ಹೊರಗಿಲ್ಲ. ಇಪ್ಪತ್ತು ವರ್ಷದ ಕೈ ಒಂದು ಬೆರಳಿನಷ್ಟು ಜಾಗದಲ್ಲಿ ಹಿಡಿಸಿತು. ಅದನ್ನು ನಾನೇ ದೊಡ್ಡ ಅಕ್ಷರದಲ್ಲಿ ಬರೆದೆ, ಈ ಸಲ ಅಕ್ಕನಿಗೆ ಕೊಡಲಿಲ್ಲ. ಗಾಜು ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿದರು. ಮಾಲಕರಿಗೆ ಸಂತೋಷವಾಯಿತು. ನನಗೂ ಆಯಿತು, ಇದನ್ನು ಮುಚ್ಚಿಡುವುದಿಲ್ಲ. ಒಂದು ವಾರದೊಳಗೆ ಬೆಳಿಗ್ಗೆ ಯಾರೋ ಮೀಟರು ಕುಲುಕಿ ಪಟ್ಟಿ ನೋಡಿ "ಆತು" ಎನ್ನತೊಡಗಿದರು. ಮೇಸ್ತ್ರಿ ತಮ್ಮ ಅಚ್ಚು ತಾವು ಮಾಡಿಕೊಂಡು ಇದ್ದರು. ಯಾರೂ ಅವರಿಗಾಗಿ ಕೈಕಟ್ಟಿ ನಿಲ್ಲುತ್ತಿರಲಿಲ್ಲ.

ದೀಪಾವಳಿ ದಾಟಿ ಮೂಡಗಾಳಿ ಶುರುವಾಯಿತು. ಬೆಳಗಾವಿಯ ಆ ಗಾಳಿ ಬಲ್ಲವರಿಗೆ ಹೇಳಬೇಕಾಗಿಲ್ಲ. ತುಟಿ ಒಡೆಯುತ್ತದೆ, ಒಗೆದ ಬಟ್ಟೆ ನೋಡನೋಡುತ್ತ ಒಣಗುತ್ತದೆ. ಅಚ್ಚು ಮಾಡಿ ಕಬ್ಬಿಣ ಹೊಯ್ಯುವುದರ ನಡುವಿನ ಎರಡು ಮೂರು ತಾಸಿನಲ್ಲಿ ಅಚ್ಚಿನ ಮೈ ಒಣಗಿ ಅಂಚುಗಳು ಉದುರತೊಡಗಿದವು. ಪಟ್ಟಿಯ ಪ್ರಕಾರ ಮರಳು ಸರಿ. ಮುಳ್ಳು ಎರಡು ಗೆರೆಗಳ ನಡುವೆಯೇ ನಿಲ್ಲುತ್ತಿತ್ತು. ಆದರೆ ಒಡೆದು ನೋಡಿದ ಪ್ರತಿ ಕವಚದಲ್ಲೂ ಮರಳು. ಒಂದು ಇಡೀ ಲಾಟು ಹೋಯಿತು.

ಮೂಡಗಾಳಿಯಲ್ಲಿ ಮರಳನ್ನು ಮೊದಲೇ ಸ್ವಲ್ಪ ಹಸಿ ಇಡಬೇಕು. ಮೇಸ್ತ್ರಿ ಪ್ರತಿ ವರ್ಷ ಹಾಗೆ ಇಡುತ್ತಿದ್ದರು. ಅವರ ಕೈ ಮರಳನ್ನಷ್ಟೇ ನೋಡುತ್ತಿರಲಿಲ್ಲ, ಅಂದಿನ ಗಾಳಿಯನ್ನೂ ನೋಡುತ್ತಿತ್ತು. ನಾನು ಕೂತು ಬರೆದದ್ದು ಮಳೆಗಾಲದಲ್ಲಿ. ನನ್ನ ಪಟ್ಟಿಯಲ್ಲಿ ಗಾಳಿಗೆ ಕಾಲಂ ಇರಲಿಲ್ಲ. ಮೀಟರು ಬಂದದ್ದು ಮಳೆಗಾಲದಲ್ಲೇ ಎಂದು ಖಾತ್ರಿಯಾಗಿ ಹೇಳಿದ್ದು ಇದಕ್ಕೇ. ಆ ತಪ್ಪು ನನ್ನದು, ಅದನ್ನು ಯಾವ ಸಾಕ್ಷಿಯೂ ಅಲುಗಿಸಲಾರದು.

ಮಾಲಕರು ಇಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು. "ಮೇಸ್ತ್ರಿ, ಗಾಳಿ ವಿಷಯ ಯಾಕ ಹೇಳಲಿಲ್ಲರಿ?"

"ಕೇಳಲಿಲ್ಲರಿ," ಎಂದರು ಮೇಸ್ತ್ರಿ. "ಸಾಹೇಬ್ರು ಹಸೀ ಏನ, ಒಣಾ ಏನ ಅಂತ ಕೇಳಿದ್ರು. ಹೇಳಿದೆ. ಗಾಳಿ ಕೇಳಲಿಲ್ಲ."

ಅದರಲ್ಲಿ ಕುಹಕವಿತ್ತೇ? ಮುಖ ನೆಟ್ಟಗಿತ್ತು. ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂದು ಶೆಡ್ಡಿನಲ್ಲಿ ಅರ್ಧ ಮಂದಿ ಅಂದರು, ಹೆಮ್ಮೆಯಿಂದಲೇ ಅಂದರು. ಇಪ್ಪತ್ತು ವರ್ಷ ಗಾಳಿಯ ವಿಷಯ ಯಾರೂ ಕೇಳಿರಲಿಲ್ಲ, ಹೀಗಾಗಿ ಅದು ಹೇಳಬೇಕಾದ ಸಂಗತಿ ಎಂದೇ ಅವರಿಗೆ ಹೊಳೆದಿರಲಿಕ್ಕಿಲ್ಲ ಎಂದು ಉಳಿದವರು. ಮಾಲಕರು ಯಾರ ಮೇಲೂ ಕೂಗಾಡಲಿಲ್ಲ. ನಾನು ಆಗ ಬಾಯಿ ಬಿಟ್ಟು, ಪಟ್ಟಿ ನನ್ನದು, ಕಾಲಂ ಬಿಟ್ಟವನು ನಾನು ಎಂದು ಹೇಳಬೇಕಿತ್ತು. ಮನಸ್ಸಿನಲ್ಲಿ ಹೇಳಿಕೊಂಡೆ. ಮರುದಿನ ರಜೆ ಹಾಕಿದೆ. ರಜೆ ಮುಗಿಸಿ ಬಂದಾಗ ಮೇಸ್ತ್ರಿ ಇರಲಿಲ್ಲ. ಬಿಡಿಸಿದರು ಎಂದು ಒಬ್ಬರು, ತಾವೇ ಹೋದರು ಎಂದು ಒಬ್ಬರು. ಗೋಡೆಯ ಪಟ್ಟಿಯ ಕೆಳಗೆ ಬೇರೆ ಯಾರದೋ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: ಮೂಡಗಾಳಿ ಇದ್ದರೆ ಸ್ವಲ್ಪ ಹೆಚ್ಚು. ಆ ಸಾಲನ್ನು ಯಾರು ಹೇಳಿ ಬರೆಸಿದರು? ಹೇಳಬಲ್ಲವರು ಒಬ್ಬರೇ ಇದ್ದರು.

ಆಮೇಲೆ ನಾನು ಆ ಕೆಲಸ ಬಿಟ್ಟೆ, ಬೇರೆ ಕಡೆ ಸೇರಿದೆ, ಕತೆಗಳನ್ನು ಬರೆದೆ, ಹರಿದೆ. ಎಂಬತ್ತರ ದಶಕ ಅರ್ಧ ದಾಟಿರಬೇಕು, ಬ್ಯಾಂಕುಗಳಿಗೆ ಕಂಪ್ಯೂಟರು ಬಂದು ಜನರ ಕೆಲಸ ತಿನ್ನುತ್ತದಂತೆ ಎಂದು ಎಲ್ಲ ಕಡೆ ಮಾತು. ಯಾರೋ ಸಂಪಾದಕರು ಮುಂದಿನ ಕಾಲದ ಬಗ್ಗೆ ಒಂದು ಕತೆ ಕೊಡಿ ಎಂದರು. ಹೊಸದು ಬರಲಿಲ್ಲ. ಹಳೆಯದೇ, ಆ ಕೈ ಕುಲುಕುವ ಯಂತ್ರದ್ದು, ತಿದ್ದಿ ಕೊಡೋಣ ಎಂದುಕೊಂಡೆ. ನನ್ನ ಕರಡು ಎಲ್ಲೂ ಇರಲಿಲ್ಲ. ಅಕ್ಕನನ್ನು ಕೇಳಿದೆ.

"ಅದಾ? ಆ ಮುದುಕ ಕೈ ಕೊಡತಾನಲ್ಲ ಕಡೀಕ?"

"ಕೊಡೂದಿಲ್ಲಕ್ಕಾ. ಕೊಡತಾನೋ ಇಲ್ಲೋ ಅಂತ ಹೇಳಿಲ್ಲ. ಅಲ್ಲೇ ಬಿಟ್ಟೇನಿ."

"ಬಿಟ್ಟಿದ್ದಿ ಅಂದ್ರ ನಾ ಬರದಿರಬೇಕು ತಗೋ. ಕೈ ಚಾಚಿದವನ ಮುಂದ ಸುಮ್ನ ನಿಂದರೂದ ಯಾವ ಸಂಸ್ಕಾರ?" ಆಮೇಲೆ ಅವಳೇ, "ಇಲ್ಲೋ, ನಾ ಏನೂ ಕೂಡಿಸಿಲ್ಲ. ನೀ ಬರದದ್ದ ಬರದೇನಿ. ಮಳೆಗಾಲದಾಗ ಬರದದ್ದು, ಹಾಳಿ ಹಸಿಯಾಗಿ ಮಸಿ ಎಲ್ಲಾ ಹರಡತಿತ್ತು. ಎರಡ ಸಲ ಬರಿಯೂದ ಬಂತು. ಶೆಡ್ಡಿನ ಮಂದಿ ಕೈ ಮುಚಗೋತಾರ ಅಂತ ನಗಕೋತ ಮನಿಗೆ ಬಂದಿದ್ದಿ, ಆ ಮ್ಯಾಲ ಬರೀಲಿಕ್ಕೆ ಕುಂತಿ."

ಮಳೆಗಾಲ. ಮಸಿ ಹರಡಿದ್ದು. ಹಾಗಾದರೆ ಮೀಟರು ಮೊದಲು. ಒಂದು ದಿನ ನೆಮ್ಮದಿಯಾಗಿದ್ದೆ. ಮರುದಿನ ಹುಣಸೆ ಮರ ಎದ್ದು ನಿಂತಿತು. ದಿನಕ್ಕೆ ಒಂದು ಪುಟ ಓದುವವರು, ಬೇಸಿಗೆಯ ಕೊನೆಗೆ ಮರದ ಕೆಳಗೆ ಶುರು ಮಾಡಿ ಮಳೆಯಲ್ಲಿ ಶೆಡ್ಡಿನೊಳಗೆ ಮುಗಿಸಿರಬಹುದು. ಅಕ್ಕ ಹೇಳುವ ಮಸಿ ಮುಂಗಾರಿಗೆ ಮುಂಚಿನ ಯಾವುದೋ ಅಡ್ಡ ಮಳೆಯದಿರಬಹುದು. ಹೀಗೆ ಎಲ್ಲವನ್ನೂ ಹೊಂದಿಸಬಹುದು. ಹೊಂದುತ್ತದೆ ಎಂಬುದೇ ಅದರ ದೋಷ.

ಗುಂಜಿಗೆ ಹೋದೆ. ದೇಸೂರು, ಇದಲಹೊಂಡ, ಖಾನಾಪುರ. ಖಾನಾಪುರ ದಾಟಿದ ಮೇಲೆ ಗಾಡಿಯ ಎರಡೂ ಕಡೆ ಕಾಡು ಹತ್ತಿರ ಬರುತ್ತದೆ. ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಬಾಗಿಲಲ್ಲಿ ಅವರ ಮನೆಯವರು ನನ್ನನ್ನು ನೋಡಿ ಒಳಗೆ ತಿರುಗಿ ಮರಾಠಿಯಲ್ಲಿ ಯಾರೋ ಬಂದಿದ್ದಾರೆ ಎಂದರು. ಒಳಗಿನಿಂದ ಮರಾಠಿಯಲ್ಲೇ, ಯಾರು ಎಂಬ ದನಿ. ನಾನು ಕನ್ನಡದಲ್ಲಿ ನನ್ನ ಗುರುತು ಹೇಳಿದೆ.

ಮೇಸ್ತ್ರಿ ಹೊರಗೆ ಬಂದು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ಅಲ್ಲಿಂದ ಮಾತಾಡ್ರಿ ಸಾಹೇಬ್ರ." ಆಮೇಲೆ ನಕ್ಕು, ಕಟ್ಟೆಯ ಮೇಲೆ ಜಾಗ ಮಾಡಿ, "ಕುಂದರು. ಪುಸ್ತಕ ತಂದಿಲ್ಲಲ್ಲ?"

ಖಾನಾಪುರದ ಒಂದು ಹಂಚಿನ ಭಟ್ಟಿಗೆ ವಾರಕ್ಕೆ ಎರಡು ದಿನ ಮಣ್ಣು ನೋಡಿಕೊಡಲು ಹೋಗುತ್ತಾರಂತೆ. "ಅಲ್ಲೆ ಇನ್ನಾ ಬಾಟಲಿ ಬಂದಿಲ್ಲ. ನೀ ಬರಿಯೂದ ಬಿಟ್ಟರ ಬರೂದೂ ಇಲ್ಲ."

ತಮಾಷೆ ಎಂದು ಗೊತ್ತಿತ್ತು. ಆದರೂ ಕೇಳಿಬಿಟ್ಟೆ. "ಕಾಕಾ, ಖರೇ ಹೇಳ್ರಿ. ನಾ ಕತಿ ಬರದದ್ದ ಮೊದಲೋ, ಮೀಟರ ಬಂದದ್ದ ಮೊದಲೋ?"

ಅವರು ಆಶ್ಚರ್ಯದಿಂದ ನೋಡಿದರು. "ಇದನ್ನ ಕೇಳಾಕ ಗಾಡಿ ಹತ್ತಿ ಬಂದಿ?" ಕಾಲು ಮಡಿಚಿ ಕೂತರು. "ಅದು ಯಾವುದ ಮೊದಲೋ ನನಗ ನೆಪ್ಪಿಲ್ಲ. ಆದ್ರ ಕಡೀದು ಓದಿದ ಮ್ಯಾಲ ನಾ ನಿನ್ನ ಬಾಜೂಕ ಕುಂತೆ. ಅದು ನೆಪ್ಪೈತಿ."

"ಕಡೀದು ಅಂದ್ರ?"

"ಆ ಮುದುಕ ಕೈ ಕೊಡತಾನ. ಯಂತ್ರ ಹಿಡೀತೈತಿ. ಹಿಡದ ಮ್ಯಾಲ ಅದಕ್ಕ ನಡಕ ಶುರುವಾಗತೈತಿ. ಮುದಕನ ಕೈಯಾಗ ಇದ್ದದ್ದು ಬರೇ ಮಣ್ಣಿಂದಲ್ಲ, ಬಿಸಲಿಂದು, ಮಳಿದು, ಜ್ವರದ್ದು, ಹೆಂಡ್ತಿ ಕೂಡ ಜಗಳಾಡಿದ್ದು, ಎಲ್ಲಾ. ಯಂತ್ರಕ್ಕ ತಡಿಯೂದಿಲ್ಲ. ಬಿಟ್ಟ ಬಿಡತೈತಿ." ಅವರು ತಮ್ಮ ಅಂಗೈ ನೋಡಿಕೊಂಡರು. "ಅದಕ್ಕ ಅಂದೆ, ಕೊಡೂಣು. ಹಿಡದರ ಹಿಡೀಲಿ."

ನಾನು ಇದನ್ನು ಬರೆದಿಲ್ಲ. ಜ್ವರ, ಜಗಳ ಯಾವುದೂ ನನ್ನ ಕತೆಯಲ್ಲಿ ಇರಲಿಲ್ಲ. ನನ್ನ ಮುದುಕನಿಗೆ ಹೆಂಡತಿಯೇ ಇರಲಿಲ್ಲ. ಅಕ್ಕ ಎರಡನೇ ಸಲ ಬರೆಯುವಾಗ ಸೇರಿಸಿದಳೇ? ಅವಳು ಸೇರಿಸಿದ್ದರೂ ಕೈ ಕೊಟ್ಟ ಎಂಬ ಒಂದು ಸಾಲು ಸೇರಿಸಿಯಾಳು, ಯಂತ್ರಕ್ಕೆ ನಡುಕ ಬರಿಸುವವಳಲ್ಲ. ಮೇಸ್ತ್ರಿಯೇ ಆ ಎರಡು ದಿನ ನನ್ನ ಕಡೆ ನೋಡದೆ ಕತೆಯನ್ನು ತಾವೇ ಮುಂದುವರಿಸಿದರೇ?

"ಆ ಪತ್ರಿಕಿ ಯಾರ ಹತ್ರ ಐತಿ, ಕಾಕಾ?"

"ನನ್ನ ಹತ್ರನ ಇತ್ತು. ಸಹಿ ಮಾಡಿ ಮುಂದ ಕೊಡಬೇಕಾಗಿತ್ತು, ಕೊಡಲಿಲ್ಲ. ಒರಲಿ ತಿಂತು." ಅವರು ಗೆದ್ದಲು ಹತ್ತಿದ ಮಾಡಿನ ಕಡೆ ಕೈ ತೋರಿಸಿದರು. ಅವರ ಮನೆಯವರು ಚಹಾ ತಂದಿಟ್ಟು, ನಮ್ಮಿಬ್ಬರ ನಡುವೆ ಏನೋ ಹೆಚ್ಚುಕಡಿಮೆಯಾಗಿದೆ ಎಂಬಂತೆ ಒಬ್ಬೊಬ್ಬರನ್ನೂ ನೋಡಿ ಒಳಗೆ ಹೋದರು.

ಗಾಳಿಯ ವಿಷಯ ಕೇಳಬೇಕು ಎಂದಿದ್ದೆ. ಬೇಕೆಂದೇ ಬಿಟ್ಟಿರೋ, ಹೊಳೆಯದೆ ಬಿಟ್ಟಿರೋ? ಅಂದು ಮಾಲಕರ ಎದುರು ನಾನು ಸುಮ್ಮನಿದ್ದುದರ ಮಾತನ್ನೂ ಎತ್ತಬೇಕು ಎಂದಿದ್ದೆ. ಚಹಾ ಕುಡಿದೆ. ಸಂಜೆಯ ಗಾಡಿಯ ಹೊತ್ತಾಯಿತು ಎಂದು ಅವರೇ ಎಬ್ಬಿಸಿದರು. ಸ್ಟೇಷನ್ನಿನ ತನಕ ಬಂದರು. ಗಾಡಿ ಹತ್ತುವಾಗ ನಾನು ಕೈ ಚಾಚಿದೆ. ಅವರು ಕುಲುಕಿದರು. ಒರಟು, ಒಣ ಕೈ. ಇಷ್ಟು ಮಾತ್ರ ನನಗೆ ಗೊತ್ತಾದದ್ದು.

ಸಂಪಾದಕರಿಗೆ ಕತೆ ಕೊಡಲಿಲ್ಲ. ಯಾವ ಕೊನೆ ಬರೆಯಬೇಕೆಂದು ತಿಳಿಯಲಿಲ್ಲ. ಮುಂದಿನ ಕಾಲದ ಕತೆಗಳು ಬರೆದವನ ಕಾಲದ ದಿಗಿಲನ್ನು ಹೇಳುತ್ತವೆ ಎಂದು ಕ್ಯಾಂಪಿನ ರದ್ದಿ ಅಂಗಡಿಯಲ್ಲಿ ನಿಂತು ಕಂಡುಕೊಂಡಿದ್ದೆ. ಓದುವವನ ದಿಗಿಲು ಅದೇ ಪುಟದ ಮೇಲೆ ಇನ್ನೊಂದು ಕತೆ ಬರೆಯುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಆ ಇನ್ನೊಂದು ಕತೆಯನ್ನು ನಂಬಿ ಮೇಸ್ತ್ರಿ ನನ್ನ ಪಟ್ಟಿಗೆ ತಮ್ಮ ಕೈ ಕೊಟ್ಟರು.

ಕತೆ ಮೊದಲೋ ಮೀಟರು ಮೊದಲೋ, ನನಗೆ ಗೊತ್ತಿಲ್ಲ; ಮೇಸ್ತ್ರಿಗೆ ನೆನಪಿರುವುದು ನಾನು ಬರೆಯದ ಕೊನೆ, ಅದನ್ನು ಸಾಕ್ಷಿ ಎಂದು ಇಡಲಾರೆ. ಕೊನೆಯ ಆ ಸಾಲುಗಳನ್ನು ಬರೆದವರು ಯಾರು, ಗೊತ್ತಿಲ್ಲ. ಗಾಳಿಯ ಮಾತನ್ನು ಮೇಸ್ತ್ರಿ ಬೇಕೆಂದೇ ತಮ್ಮಲ್ಲಿ ಉಳಿಸಿಕೊಂಡರೇ, ಅದೂ ಗೊತ್ತಿಲ್ಲ. ಕೇಳಬಹುದಾಗಿದ್ದ ದಿನ ನಾನು ಕೇಳಲಿಲ್ಲ.